ಟ್ರಿಗರ್‌ಗೆ ಸುತ್ತಿದ ಬೈಂಡಿಂಗ್ ವೈರ್

ನಮ್ಮ ಆಕ್ಸಿಡೆಂಟ್ ರಿಜಿಸ್ಟರಿನಲ್ಲಿ ಇವತ್ತಿಗೂ 'ಸಣ್ಣ ಗಾಯ, ಫಸ್ಟ್ ಏಡ್ ಕೊಡಲಾಗಿದೆ' ಅಂತಲೇ ಇದೆ. ಆ ಸಣ್ಣ ಗಾಯಕ್ಕೆ ಹೆಲ್ಪರ್ ಹುಡುಗನ ಅಂಗೈ ಸೀಳಿ ಒಳಗೆಲ್ಲ ತೊಳೆಯಬೇಕಾಯಿತು.

ತೀರ್ಥಹಳ್ಳಿ ಕಡೆ ಹಳೇ ಸೇತುವೆಯೊಂದರ ರಿಪೇರಿ. ಮಲೆನಾಡಲ್ವಾ, ಪಿಯರ್, ಅಂದರೆ ಸೇತುವೆಯ ಕಂಬ, ಅದರ ತುಂಬಾ ಪಾಚಿ. ಮೈಕ್ರೋ ಕಾಂಕ್ರೀಟ್ ಹಾಕುವ ಮುಂಚೆ ಪಾಚಿ, ಸಡಿಲ ಕಾಂಕ್ರೀಟು, ಕಂಬಿಯ ತುಕ್ಕು ಎಲ್ಲಾ ಜೋರು ಒತ್ತಡದ ನೀರಿನ ಜೆಟ್ ಹೊಡೆದು ತೆಗೆಯಬೇಕು. 500 ಬಾರ್ ಪಂಪು, ಅಂದರೆ ಸುತ್ತಲ ಗಾಳಿಯ ಒತ್ತಡದ ಸುಮಾರು 500 ಪಟ್ಟು. ಜೆಟ್ ಗನ್ನಿನ ಟ್ರಿಗರ್ ಬಿಟ್ಟರೆ ನೀರು ನಿಲ್ಲಬೇಕು. ಆದರೆ ಗನ್ನಿನ ಸ್ಪ್ರಿಂಗ್ ಬಿಗಿಯಾಗಿ ಕೈ ಸೋಲುತ್ತಿತ್ತು. ಹೊಸದು ಬೇಕು ಅಂತ ಇಂಡೆಂಟ್ ಹೋಗಿತ್ತು, ಗನ್ ಬಂದಿರಲಿಲ್ಲ. ಗ್ಯಾಂಗಿನವರು ಕಂಬಿ ಕಟ್ಟುವ ಬೈಂಡಿಂಗ್ ವೈರ್ ಸುತ್ತಿ ಟ್ರಿಗರ್ ಒತ್ತಿಟ್ಟುಬಿಟ್ಟಿದ್ದರು.

ಹಲಗೆ ಮೇಲೆ ಹೆಲ್ಪರ್ ಹುಡುಗನ ಕಾಲು ಜಾರಿತು. ಲ್ಯಾನ್ಸ್, ಅಂದರೆ ಗನ್ನಿನ ಉದ್ದ ಪೈಪು, ಕೈಬಿಟ್ಟರೂ ನೀರು ನಿಲ್ಲಲಿಲ್ಲ, ತಿರುಗಿ ಅವನ ಎಡಗೈಗೇ ಬಡಿಯಿತು. ಗ್ಲೌಸಿನಲ್ಲಿ ಒಂದು ತೂತು. ತೋರುಬೆರಳ ಬುಡದಲ್ಲಿ ಸಾಸಿವೆಯಷ್ಟು ಚುಕ್ಕೆ. ರಕ್ತವೂ ಇಲ್ಲ. 'ಏನಾಗಿಲ್ಲ ಸಾರ್' ಅಂತ ನಕ್ಕ. ನೀರು ತಾನೇ ಅಂತ ಎಲ್ಲರಿಗೂ ಸಮಾಧಾನ. ಹತ್ತಿರದ ಕ್ಲಿನಿಕ್ಕಿನಲ್ಲಿ ಟಿಟಿ ಚುಚ್ಚಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಊಟದ ಹೊತ್ತಿಗೆ ಬೆರಳು ಊದಿ ಬಿಳಿಚಿಕೊಂಡಿತ್ತು, ಮಡಚೋಕೆ ಆಗ್ತಿರಲಿಲ್ಲ. ನಮ್ಮ ಫಿಟ್ಟರ್ ಮಂಗಳೂರಲ್ಲಿ ಹಡಗಿಗೆ ಜೆಟ್ ಹೊಡೆದವನು. ಕೈ ನೋಡಿದ್ದೇ ತಟ್ಟೆ ಕೆಳಗಿಟ್ಟ. 'ನೀರು ಒಳಗೆ ಹೋಗಿದೆ. ಇವತ್ತೇ ಕೊಯ್ಯಿಸಿ, ಇಲ್ಲಾಂದ್ರೆ ಬೆರಳು ಹೋಗುತ್ತೆ.' ಚರ್ಮ ತೂತಾಗೋಕೆ ಸುಮಾರು 7 ಬಾರ್ ಸಾಕಂತೆ. ಒಳಹೊಕ್ಕ ನೀರು ನರ, ರಕ್ತನಾಳದ ಜಾಡು ಹಿಡಿದು ಹರಡುತ್ತೆ. ಅದೂ ತುಂಗೆಯಿಂದ ಪಂಪ್ ಮಾಡಿದ ಕೆಂಪು ನೀರು.

ಜೀಪ್ ಶಿವಮೊಗ್ಗಕ್ಕೆ ಹೊರಟಿತು. ಜಡಿಮಳೆ, ಮಂಡಗದ್ದೆ ಹತ್ತಿರ ಮುಂದೆ ಮರದ ಲಾರಿ, ಸೈಡೇ ಇಲ್ಲ. ಹುಡುಗ ನಗೋದು ನಿಲ್ಲಿಸಿದ್ದ. ಬಾಯಾರಿಕೆ ಅಂದ, ಆಪರೇಷನ್ ಆಗಬಹುದು, ಏನೂ ಕೊಡಬೇಡಿ ಅಂತ ಫಿಟ್ಟರ್ ಬಾಟಲಿ ಕಿತ್ತುಕೊಂಡ. ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಸರ್ಜನ್ ಕೇಳಿದ್ದು ಮೂರೇ: ಎಷ್ಟು ಪ್ರೆಷರ್, ನೀರಿಗೆ ಕೆಮಿಕಲ್ ಬೆರೆಸಿದ್ರಾ, ಎಷ್ಟು ಹೊತ್ತಾಯ್ತು. 'ಸಣ್ಣ ಗಾಯ' ಅಂದಿದ್ದರೆ ಕ್ಯೂನಲ್ಲೇ ಕೂರಿಸುತ್ತಿದ್ದರೇನೋ.

ಬೆರಳು ಉಳಿಯಿತು. ಪೂರ್ತಿ ಮಡಚೋಕೆ ಇನ್ನೂ ಬರಲ್ಲ.

ಹೆಡ್ ಆಫೀಸಿಂದ ಹೆಲ್ಮೆಟ್ ಪೋಸ್ಟರ್ ಬಂತು. ಗನ್ನಿನ ಇಂಡೆಂಟ್ ಇನ್ನೂ ಅಪ್ರೂವಲ್‌ನಲ್ಲಿದೆ. ಅದು ಬರುವ ತನಕ ಪಂಪ್ ಸ್ಟಾರ್ಟ್ ಮಾಡಿಸಲ್ಲ ಅಂದೆ. ಈ ತಿಂಗಳ ಪ್ರೋಗ್ರೆಸ್ ರಿಪೋರ್ಟಿನಲ್ಲಿ, ಕೆಲಸ ತಡವಾಗಿದ್ದಕ್ಕೆ ಕಾರಣ ಅಂತ ನನ್ನ ಹೆಸರು ಹಾಕಿದ್ದಾರೆ.