ಕಾರು ನನ್ನದು, ಸೀಟಿನ ಗುರುತು ಇಬ್ಬರದ್ದು

ಮದುವೆ ಮಾತುಕತೆಯ ದಿನ ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ವಿಷಯ. ಕಾರು ನನ್ನ ಜೊತೆ ಬರುತ್ತದೆ, ಆದರೆ ನನ್ನ ಹೆಸರಿನಲ್ಲೇ ಇರುತ್ತದೆ. ಚಿತ್ರದುರ್ಗದಿಂದ ಬಂದಿದ್ದ ಹಿರಿಯರು ಮುಖ ಮುಖ ನೋಡಿಕೊಂಡರು. ಹೆಣ್ಣು ಕಾರಿನ ಸಮೇತ ಬರುತ್ತಾಳೆ ಅಂದರೆ ನಮ್ಮ ಕಡೆ ಜನಕ್ಕೆ ಹೊಳೆಯುವುದು ಒಂದೇ ಅರ್ಥ ಅಲ್ವಾ? ಅಪ್ಪಾಜಿ ಅವರನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ ಕಾರು ತೋರಿಸಿದರು. 1998ರ ಮಾರುತಿ 800. ಬಿಳಿ ಬಣ್ಣ, ಎಡಗಡೆ ಬಾಗಿಲ ಕೆಳಗೆ ತುಕ್ಕು. ಇಂಥ ಕಾರನ್ನು ಯಾರೂ ವರದಕ್ಷಿಣೆ ಅಂತ ಕೇಳುವುದಿಲ್ಲ ಎಂದು ಖಾತ್ರಿಯಾಗಿ ಎಲ್ಲರೂ ನಿರಾಳವಾಗಿ ಒಳಗೆ ಬಂದು ಮಂಡಕ್ಕಿ ತಿಂದರು.

ಆದರೂ ಪ್ರಶ್ನೆ ನಿಂತಿಲ್ಲ. ಇವರು ಕಾರು ಓಡಿಸಿಕೊಂಡು ದುರ್ಗಕ್ಕೆ ಹೋದರೆ ಯಾರಾದರೂ ಒಬ್ಬರು "ಮಾವ ಕೊಟ್ಟಿದ್ದೇನಪ್ಪಾ?" ಅಂತ ಕೇಳಿಯೇ ಕೇಳುತ್ತಾರೆ. ಇವರು "ಇಲ್ಲ, ಹೆಂಡ್ತಿದು, ಕೇಳಿ ತಂದಿದೀನಿ" ಅನ್ನುತ್ತಾರೆ. ಆ "ಕೇಳಿ" ಅನ್ನುವುದನ್ನು ಇವರು ಸ್ವಲ್ಪ ಜೋರಾಗಿಯೇ ಹೇಳುತ್ತಾರೆ. ನನಗೆ ಇವರಲ್ಲಿ ಇಷ್ಟವಾದ ಗುಣಗಳಲ್ಲಿ ಇದೂ ಒಂದು.

ಮೊದಲ ಮಾರುತಿ 800 ರಸ್ತೆಗೆ ಬಂದಿದ್ದು 1983ರ ಡಿಸೆಂಬರ್‌ನಲ್ಲಿ. ಅಪ್ಪಾಜಿಗೆ ಆಗಿನಿಂದಲೇ ಆಸೆ. ಹೈಸ್ಕೂಲು ಮೇಷ್ಟ್ರ ಸಂಬಳದಲ್ಲಿ ಅದು ಮನೆಗೆ ಬರಲು 1998 ಆಯಿತು. ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು ಅದರ ಹಿಂದಿನ ವರ್ಷ, 1997ರಲ್ಲಿ. ಅಲ್ಲಿಯವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ. ಇವರಿಗೆ ಇದೊಂದು ಸಿಕ್ಕಿಬಿಟ್ಟಿದೆ. "ಜಿಲ್ಲೆನೇ ಪಾಲು ಮಾಡ್ಕೊಂಡು ಹೋದೋರು ನೀವು, ಕಾರು ಸುಮ್ನೆ ಕೊಡ್ತೀರಾ?" ಅಂತ ಆಗಾಗ ಕುಟುಕುತ್ತಾರೆ.

ಸುಮ್ನೆ ಕೊಡಲಿಲ್ಲ, ನಿಜ. ಕಲಿಸಿ ಕೊಟ್ಟೆ.

ಇವರು ಬಿತ್ತನೆ ಬೀಜದ ಕಂಪನಿಯಲ್ಲಿದ್ದಾರೆ. ಆಫೀಸಿನ ಗಾಡಿ ಹೊಸದು. ಪವರ್ ಸ್ಟಿಯರಿಂಗ್, ಬಟನ್ ಒತ್ತಿದರೆ ಸ್ಟಾರ್ಟ್. ಅಂಥವರ ಕೈಗೆ ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಬಿಡುವ ಹಳೇ ಕಾಲದ ಸಾಧನ) ಇರುವ ಕಾರು ಕೊಟ್ಟರೆ ಏನಾಗುತ್ತದೆ ಅಂತ ಗೊತ್ತಾಗಿದ್ದು ಒಂದು ಭಾನುವಾರ ಬೆಳಿಗ್ಗೆ, ಬೆಣ್ಣೆದೋಸೆ ಹೋಟೆಲಿನ ಮುಂದೆ. ಚೋಕ್, ಅಂದರೆ ತಣ್ಣಗಿನ ಇಂಜಿನ್ ಹಿಡಿಯಲಿ ಅಂತ ಗಾಳಿ ಕಡಿಮೆ ಮಾಡುವ ಗುಂಡಿ, ಎಳೆದೇ ಇತ್ತು. ಕೀ ತಿರುಗಿಸಿದರು, ಹಿಡಿಯಲಿಲ್ಲ. ಆಕ್ಸಿಲರೇಟರ್ ತುಳಿದರು, ಮತ್ತೆ ತುಳಿದರು. "ರೀ, ಕಾಲು ತೆಗೀರಿ!" ಅನ್ನುವಷ್ಟರಲ್ಲಿ ಕಾರಿನ ತುಂಬ ಪೆಟ್ರೋಲ್ ವಾಸನೆ.

ಈಗಿನ ಗಾಡಿಗಳಲ್ಲಿ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಲೆಕ್ಕ ಹಾಕಲು ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಸುಮ್ನೆ ತುಳಿದರೆ ಏನೂ ಆಗುವುದಿಲ್ಲ. ಕಾರ್ಬೋರೇಟರ್‌ಗೆ ಆ ಬುದ್ಧಿ ಇಲ್ಲ. ತುಳಿದಷ್ಟೂ ಬಿಡುತ್ತದೆ. ಚೋಕ್ ಎಳೆದಿದ್ದರೆ ಗಾಳಿ ಬೇರೆ ಕಡಿಮೆ. ಪ್ಲಗ್ ನೆನೆದು ಕಿಡಿ ಹಾರುವುದಿಲ್ಲ. ಮೆಕ್ಯಾನಿಕ್‌ಗಳು ಓವರ್‌ಫ್ಲೋ ಅನ್ನುವುದು ಇದಕ್ಕೇ. ಚೋಕ್ ಒಳಗೆ ತಳ್ಳಿ, ಸ್ವಲ್ಪ ಹೊತ್ತು ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಆದರೆ ಅಷ್ಟು ಹೊತ್ತು ಕಾಯಲು ನಮ್ಮ ಊರಿನ ಜನ ಬಿಡಬೇಕಲ್ಲ? ದೋಸೆಗೆ ಕಾಯುತ್ತಿದ್ದವರೆಲ್ಲ ಎದ್ದು ಬಂದರು. ಒಬ್ಬರು ಪ್ಲಗ್ ಬಿಚ್ಚಿ ಒರೆಸಿ ಅಂದರು. ಇನ್ನೊಬ್ಬರು ಬ್ಯಾಟರಿ ಅಂದರು. ಕೊನೆಗೆ ನಾನು ಸ್ಟಿಯರಿಂಗ್ ಹಿಂದೆ ಕೂತೆ, ಇವರು ತಳ್ಳಿದರು. "ಹೆಂಡ್ತಿ ಒಳಗೆ, ಗಂಡ ಹಿಂದೆ, ಸರಿಯಾಗೈತೆ" ಅಂತ ಯಾರೋ ಅಂದಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಇವರಿಗೂ ಕೇಳಿಸಿತ್ತಂತೆ.

ಆಮೇಲೆ ಪಾಠ ಶುರುವಾಯಿತು. ಬೆಳಿಗ್ಗೆ ಚೋಕ್ ಎಳೆದು, ಕಾಲು ದೂರ ಇಟ್ಟು ಕೀ ತಿರುಗಿಸಬೇಕು. ಇಂಜಿನ್ ಹಿಡಿದ ಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಬೇಕು. ಮೂರೇ ಸಿಲಿಂಡರ್, 796 ಸಿಸಿ, ಹಾಗಾಗಿ ನಿಂತಾಗ ನಡುಗುತ್ತದೆ, ಅದು ರೋಗ ಅಲ್ಲ. ಪವರ್ ಸ್ಟಿಯರಿಂಗ್ ಇಲ್ಲ, ನಿಂತಲ್ಲೇ ತಿರುಗಿಸಬಾರದು, ಗಾಡಿ ಒಂದು ಚೂರು ಉರುಳಲಿ, ಆಗ ತಿರುಗಿಸಿ. ಹಿಂದಿನ ಸೀಟಿನಲ್ಲಿ ಅಪ್ಪಾಜಿ. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಅವರು ಓಡಿಸುವುದು ಬಿಟ್ಟಿದ್ದಾರೆ, ಮಾತು ಬಿಟ್ಟಿಲ್ಲ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು ಇವರ ಅಭ್ಯಾಸ. "ಅಳಿಯಂದ್ರೆ, ಕ್ಲಚ್ಚು ಪಾದ ಇಡೋ ಮಣೆ ಅಲ್ರಿ" ಅಂತ ಅಪ್ಪಾಜಿ ಹಿಂದಿನಿಂದ ಹೇಳುತ್ತಿದ್ದರು.

ನಿಜವಾದ ಪರೀಕ್ಷೆ ಆಷಾಢದಲ್ಲಿ. ದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಕಾರಿನ ತೂಕ ಸುಮಾರು 650 ಕೆಜಿ, ಚಕ್ರ 12 ಇಂಚು. ಭರಮಸಾಗರ ದಾಟಿದ ಮೇಲೆ ಹೈವೇಯಲ್ಲಿ ಪಕ್ಕದಿಂದ ಗಾಳಿ ಹೊಡೆದರೆ ಇಡೀ ಕಾರು ಒಂದು ಕಡೆ ಸರಿಯುತ್ತದೆ. ಲಾರಿ ಪಕ್ಕಕ್ಕೆ ಬಂದಾಗ ಗಾಳಿಗೆ ಅದು ಅಡ್ಡ ನಿಲ್ಲುತ್ತದೆ, ಲಾರಿ ಮುಂದೆ ಹೋದ ತಕ್ಷಣ ಗಾಳಿ ಮತ್ತೆ ದಬ್ಬುತ್ತದೆ. ಆಗ ಗಾಬರಿಯಾಗಿ ಸ್ಟಿಯರಿಂಗ್ ಎಳೆದರೆ ಕಷ್ಟ. ನಾನು ಎಪ್ಪತ್ತರ ಮೇಲೆ ಹೋಗುವುದಿಲ್ಲ. ಇವರು ಮೊದಲ ಸಲ ಆ ಗಾಳಿಗೆ ಸಿಕ್ಕಾಗ ನಾನು ಬಾಯಿ ಮುಚ್ಚಿಕೊಂಡು ಕೂತೆ, ಅದು ನನಗೆ ಎಷ್ಟು ಕಷ್ಟ ಅಂತ ನನ್ನನ್ನು ಬಲ್ಲವರಿಗೆ ಗೊತ್ತು. ಇವರು ತಾವಾಗಿಯೇ ಸ್ಪೀಡ್ ಇಳಿಸಿ, ಎಡಗಡೆ ಲೇನ್ ಹಿಡಿದು, ಎರಡೂ ಕೈ ಸ್ಟಿಯರಿಂಗ್ ಮೇಲೆ ಸಡಿಲವಾಗಿ ಇಟ್ಟುಕೊಂಡು ಓಡಿಸಿದರು. ಅವತ್ತಿನಿಂದ ಇನ್ನೊಂದು ಕೀ ಇವರ ಜೇಬಿನಲ್ಲೇ ಇದೆ.

ಸೀಟಿನ ವಿಷಯ. ನಾನು ಗಿಡ್ಡ, ಇವರು ಆರಡಿ. ಪ್ರತಿ ಸಲ ಸೀಟು ಹಿಂದೆ ಮುಂದೆ ಎಳೆದಾಡಿ ಜಗಳ. ಈಗ ಸೀಟಿನ ಕಂಬಿಯ ಮೇಲೆ ಎರಡು ಗುರುತು ಇದೆ. ನನ್ನದು ಕೆಂಪು ನೇಲ್ ಪಾಲಿಶ್, ಇವರದ್ದು ಬಿಳಿ ವೈಟ್ನರ್. ಕನ್ನಡಿಗೆ ಮಾತ್ರ ಇನ್ನೂ ಉಪಾಯ ಹೊಳೆದಿಲ್ಲ.

ಫಾಸ್ಟ್ಯಾಗ್ ನನ್ನ ಮೊಬೈಲ್‌ಗೆ ಜೋಡಿಸಿದೆ. ಇವರು ದುರ್ಗಕ್ಕೆ ಹೊರಟರೆ ಹೆಬ್ಬಾಳು ಟೋಲ್ ದಾಟಿದ ತಕ್ಷಣ ನನಗೆ ಮೆಸೇಜ್. ಗಂಡನ ಮೇಲೆ ಕಣ್ಣಿಟ್ಟಿದ್ದೀಯಾ ಅಂತ ನಾದಿನಿ ಕೇಳಿದಳು. ಗಂಡನ ಮೇಲೆ ಅಲ್ಲ, ರೇಡಿಯೇಟರ್ ಮೇಲೆ ಅಂದೆ.

ಖರ್ಚಿನದ್ದು ದೊಡ್ಡ ಕಥೆ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸಬೇಕು. ಮೊದಲು ಅದಕ್ಕೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು, 2023ರಲ್ಲಿ ನಾನು ಅಷ್ಟು ಕಟ್ಟಿದೆ. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ಮೇಲೆ ಈಗ ಪೆಟ್ರೋಲ್‌ನಲ್ಲಿ 20% ಎಥನಾಲ್. ಹಳೆ ಕಾರಿನ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ನಮ್ಮ ಮೆಕ್ಯಾನಿಕ್ ಎಲ್ಲ ಪೈಪು ಬದಲಾಯಿಸಿದರು. ಮೆಕ್ಕೆಜೋಳದಿಂದಲೂ ಎಥನಾಲ್ ಮಾಡುತ್ತಾರೆ, ನಮ್ಮ ಜಿಲ್ಲೆ ತುಂಬ ಮೆಕ್ಕೆಜೋಳ, ಇವರು ಮಾರುವುದೂ ಅದರ ಬೀಜವನ್ನೇ. "ನಿಮ್ಮ ಜೋಳ ನನ್ನ ಪೈಪು ತಿಂತು, ದುಡ್ಡು ನೀವೇ ಕೊಡಿ" ಅಂದೆ. ಕೊಟ್ಟರು. ಹಾಗಂತ ಟಚ್ ಸ್ಕ್ರೀನ್ ಹಾಕಿಸುವ ಹಕ್ಕು ಬರುವುದಿಲ್ಲ. ಡ್ಯಾಶ್‌ಬೋರ್ಡ್ ಕೊಯ್ಯಲು ನಾನು ಬಿಡುವುದಿಲ್ಲ. ಕ್ಯಾಸೆಟ್ ಪ್ಲೇಯರ್ ಕೆಟ್ಟಿದ್ದರೂ ಅಲ್ಲೇ ಇರಲಿ.

ಒಂದು ವಿಷಯ ಮಾತ್ರ ಕಾಗದ ಓದಿದಾಗ ತಲೆ ಕೆಡಿಸಿತು. ಲೈಸೆನ್ಸ್ ಇದ್ದರೆ ಇವರು ಓಡಿಸಬಹುದು, ಥರ್ಡ್ ಪಾರ್ಟಿ ವಿಮೆ ನಡೆಯುತ್ತದೆ. ಆದರೆ ಪಾಲಿಸಿಯಲ್ಲಿರುವ 15 ಲಕ್ಷದ ಅಪಘಾತ ವಿಮೆ ಓನರ್-ಡ್ರೈವರ್‌ಗೆ, ಅಂದರೆ ನನಗೆ. ಇವರಿಗೆ ಬೇರೆ ವಿಮೆ ಮಾಡಿಸಿದೆವು. ಗಂಡ ಹೆಂಡತಿ ಒಂದೇ ಗಾಡಿ ಓಡಿಸುವವರು ಇದನ್ನೊಮ್ಮೆ ನೋಡಿಕೊಳ್ಳಿ, ಏಜೆಂಟರು ಕೇಳದೆ ಹೇಳುವುದಿಲ್ಲ.

ಅದೇ ವಾರ ಇನ್ನೊಂದು ಕೆಲಸ ಶುರು ಮಾಡಿದೆ. 2021ರಿಂದ ಆರ್‌ಸಿಗೆ ನಾಮಿನಿ ಹೆಸರು ಸೇರಿಸಲು ಅವಕಾಶ ಇದೆ. ಇವರ ಹೆಸರು ಹಾಕಿದೆ. ಇವರು ಓದಿ, "ಅಂದ್ರೆ ನೀನು ಹೋದ ಮೇಲೆ ನಂದು?" ಅಂದರು. "ಹೌದು. ಅಲ್ಲಿವರೆಗೆ ಕೇಳಿ ತಗೊಂಡು ಹೋಗಿ." ಅಪ್ಪಾಜಿ ಪೇಪರಿನಿಂದ ತಲೆ ಎತ್ತದೆ, ಆಮೇಲೆ ಕ್ಲಚ್ ಪ್ಲೇಟು ಯಾರು ಹಾಕಿಸೋದು ಅಂತ ಕೇಳಿದರು. 2028ಕ್ಕೆ ಮತ್ತೆ ನವೀಕರಣ. ಆರ್‌ಟಿಒ ಆಫೀಸಿನ ಸಾಲಿನಲ್ಲಿ ಇವರು ನಿಲ್ಲುವುದು, 10,000ದಲ್ಲಿ ಅರ್ಧರ್ಧ ಅಂತ ಈಗಲೇ ಮಾತಾಗಿದೆ.