ಸ್ಕೇಲ್ ಏರಿಸಿದರೆ ಕವರ್ ಸಾಂಗ್ ಆಗಲ್ಲ

ನಾನು ಕೀಬೋರ್ಡ್ ನುಡಿಸುವವನು. ಹತ್ತು ವರ್ಷ ಆರ್ಕೆಸ್ಟ್ರಾದಲ್ಲಿದ್ದೆ. ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್, ರಾಜ್ಯೋತ್ಸವ. ಅಲ್ಲಿ ಇದ್ದದ್ದು ಒಂದೇ ನಿಯಮ: ಕ್ಯಾಸೆಟ್‌ನಲ್ಲಿ ಹೇಗಿದೆಯೋ ಹಾಗೇ ಬರಬೇಕು. ಕೊಳಲಿನ ಒಂದು ಬಿಟ್ ತಪ್ಪಿದರೂ ಮುಂದೆ ಕೂತವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಈಗ ಮನೆಯ ಮಹಡಿ ರೂಮಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡು ಕವರ್ ಸಾಂಗ್‌ಗಳಿಗೆ, ಅಂದರೆ ಹಳೇ ಹಾಡನ್ನು ಬೇರೆಯವರು ಮತ್ತೆ ಹಾಡುವಾಗ, ಹಿನ್ನೆಲೆ ವಾದ್ಯಗಳ ಟ್ರ್ಯಾಕ್ ಮಾಡಿಕೊಡುತ್ತೇನೆ. ಹಳೇ ಅಭ್ಯಾಸವೂ ಜೊತೆಗೇ ಮಹಡಿ ಹತ್ತಿ ಬಂತು.

ಎರಡು ವರ್ಷದ ಹಿಂದೆ ಒಬ್ಬ ಗಾಯಕಿ ಬಂದರು. ಗಂಡು ದನಿಯ ಹಳೇ ಕನ್ನಡ ಹಾಡೊಂದನ್ನು ಹಾಡಬೇಕಿತ್ತು. ಮೂಲ ಹಾಡಿನ ಸ್ಕೇಲ್, ಅಂದರೆ ಶ್ರುತಿ, ಸಿ. ಇವರದು ಜಿ. ಮೂಲದ ಅರೇಂಜ್‌ಮೆಂಟನ್ನು ಹಾಗೇ ನುಡಿಸಿ, ಎಲ್ಲವನ್ನೂ ಜಿಗೆ ಏರಿಸಿ ಕೊಟ್ಟೆ. ಎರಡು ದಿನದ ಕೆಲಸ. ಶ್ರುತಿ ಸರಿ, ತಾಳ ಸರಿ. ಆದರೂ ಅಣ್ಣನ ಅಂಗಿ ಹಾಕಿಕೊಂಡ ತಂಗಿಯ ಹಾಗೆ ಕೇಳಿಸುತ್ತಿತ್ತು. ಕೊನೆಗೆ ಅವರೇ ಅಂದರು, "ಸರ್, ಇದು ಕರೋಕೆ ಥರ ಇದೆ ಅಲ್ವಾ?"

ಸಿಟ್ಟು ಬಂತು. ಆ ರಾತ್ರಿ ಸುಮ್ನೆ 'ರೆಸ್ಪೆಕ್ಟ್' (ಮರ್ಯಾದೆ) ಅನ್ನೋ ಇಂಗ್ಲಿಷ್ ಹಾಡಿನ ಎರಡೂ ರೂಪ ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿದೆ. ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ ಅದನ್ನು ಬರೆದು ಹಾಡಿದ್ದು 1965ರಲ್ಲಿ. ದುಡಿದು ಮನೆಗೆ ಬರುವ ಗಂಡಸು ಮರ್ಯಾದೆ ಕೇಳುವ ಹಾಡು. 1967ರ ಫೆಬ್ರವರಿ 14ರಂದು ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ನ್ಯೂಯಾರ್ಕಿನಲ್ಲಿ ಅದನ್ನೇ ಹಾಡಿದರು. ಈಗ ಮರ್ಯಾದೆ ಕೇಳುತ್ತಿರುವುದು ಮನೆಯ ಹೆಣ್ಣು. ಇಷ್ಟು ತಿರುಗಿದ ಮೇಲೆ ಉಳಿದದ್ದೆಲ್ಲ ತಾನಾಗೇ ತಿರುಗಿದೆ. ಆ ಪದವನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುವ ಜಾಗ ಇದೆಯಲ್ಲ, ಜಗತ್ತಿಗೆಲ್ಲ ಗೊತ್ತಿರುವುದು, ಅದು ಮೂಲದಲ್ಲಿ ಇಲ್ಲವೇ ಇಲ್ಲ! ಹಿಂದೆ ತಂಗಿ ಕ್ಯಾರೊಲಿನ್, ಅಕ್ಕ ಅರ್ಮಾ ಸೇರಿ ಕೊಡುವ ಕೋರಸ್ಸೂ ಇಲ್ಲ. ಮಧ್ಯದಲ್ಲಿ ಕಿಂಗ್ ಕರ್ಟಿಸ್ ನುಡಿಸುವ ಸ್ಯಾಕ್ಸೋಫೋನ್ ಭಾಗವೂ ಹೊಸದು. ಅದರ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳನ್ನು, ಬೇರೊಂದು ಹಾಡಿನಿಂದ ಎತ್ತಿಕೊಂಡಿದ್ದರು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಓಟಿಸ್ ಹಾಡು 35ರವರೆಗೆ ಏರಿತ್ತು, ಅರೀಥಾ ಹಾಡು ಒಂದನೇ ಸ್ಥಾನಕ್ಕೆ ಬಂತು. ಒಬ್ಬ ಹುಡುಗಿ ಈ ಹಾಡನ್ನು ನನ್ನಿಂದ ಕಿತ್ತುಕೊಂಡಳು ಎಂದು ಅದೇ ವರ್ಷ ಮಾಂಟೆರೆ ಸಂಗೀತೋತ್ಸವದ ವೇದಿಕೆಯಲ್ಲಿ ಓಟಿಸ್ ತಮಾಷೆ ಮಾಡಿದರು.

ನಾನು ಯಾರು ಹಾಡುತ್ತಿದ್ದಾರೆ ಅಂತ ನೋಡಿರಲೇ ಇಲ್ಲ. ಸ್ಕೇಲ್ ಮಾತ್ರ ನೋಡಿದ್ದೆ.

ಮತ್ತೆ ಆ ಗಾಯಕಿಯನ್ನು ಕರೆಸಿದೆ. ಟ್ರ್ಯಾಕ್ ಇಲ್ಲದೆ, ಬರೀ ತಂಬೂರಿ ಹಾಕಿ ಹಾಡಿಸಿದೆ. ಅವರ ನಡೆ ಮೂಲಕ್ಕಿಂತ ಎಷ್ಟೋ ನಿಧಾನ. ಚರಣದ ಎರಡನೇ ಸಾಲಿಗೆ ಮುಂಚೆ ಒಂದು ಉದ್ದ ಉಸಿರು. ಆ ಉಸಿರನ್ನು ಹಿಂದಿನ ಸಲ ನಾನೇ ಎಡಿಟ್ ಮಾಡಿ ತೆಗೆದಿದ್ದೆ. ಈ ಸಲ ಬಿಟ್ಟೆ. ಸ್ಟ್ರಿಂಗ್ಸ್ ತೆಗೆದೆ, ಢೋಲಕ್ ತೆಗೆದೆ, ಗಿಟಾರ್ ಒಂದೇ ಉಳಿಸಿದೆ.

ಸಿಕ್ಕಿಬಿದ್ದದ್ದು ಇಂಟರ್‌ಲೂಡ್‌ನಲ್ಲಿ, ಅಂದರೆ ಪಲ್ಲವಿ ಚರಣಗಳ ನಡುವೆ ಬರೀ ವಾದ್ಯ ಬರುವ ಜಾಗದಲ್ಲಿ. ನಮ್ಮ ಕಡೆ ಬಿಜಿಎಂ ಅಂದರೆ ಅರ್ಧ ಹಾಡು. ಜನ ಸಾಹಿತ್ಯ ಮರೆತರೂ ಅದನ್ನು ಗುನುಗುತ್ತಾರೆ. ತೆಗೆದು ಕೇಳಿಸಿದರೆ ನನ್ನ ಅಮ್ಮನೇ "ಮಧ್ಯದ್ದು ಎಲ್ಲೋ?" ಅಂದರು. ಕೊನೆಗೆ ಪಿಟೀಲಿನ ಆ ಬಿಟ್ಟನ್ನು ಗಾಯಕಿಯಿಂದಲೇ ಗುನುಗಿಸಿದೆ. ಅದು ಸರಿಯಾಯಿತೋ ರಾಜಿಯಾಯಿತೋ, ಇವತ್ತಿಗೂ ನನಗೆ ಅನುಮಾನವಿದೆ.

ಹಾಗಂತ ಮನಸ್ಸಿಗೆ ಬಂದಂತೆ ಬದಲಿಸೋಕೂ ಆಗಲ್ಲ. 2012ರ ತಿದ್ದುಪಡಿಯಾದ ಮೇಲೆ ನಮ್ಮ ಕಾಪಿರೈಟ್ ಕಾಯ್ದೆ, ಮೂಲ ಬಂದು ಐದು ವರ್ಷ ಕಳೆದ ಮೇಲೆ ರಾಯಲ್ಟಿ ಕಟ್ಟಿ ಕವರ್ ಮಾಡಲು ಬಿಡುತ್ತದೆ. ಆದರೆ ಸಾಹಿತ್ಯವನ್ನೋ ಸಂಗೀತವನ್ನೋ ತಾಂತ್ರಿಕವಾಗಿ ಬೇಕಾದ್ದಕ್ಕಿಂತ ಹೆಚ್ಚು ಮುಟ್ಟಿದರೆ ಹಕ್ಕುದಾರರ ಒಪ್ಪಿಗೆ ಬೇಕು. ಅರೀಥಾ ಮಾಡಿದ್ದನ್ನು ಇಲ್ಲಿ ಮಾಡಬೇಕಾದರೆ ಮೊದಲು ಪತ್ರ ಬರೆಯಬೇಕಿತ್ತು. ನಾವೂ ಬರೆದೆವು. ರೆಕಾರ್ಡಿಂಗಿಗೆ ಹಿಡಿದದ್ದಕ್ಕಿಂತ ಜಾಸ್ತಿ ದಿನ ಉತ್ತರಕ್ಕೆ ಕಾದೆವು.

ಈಗ ಯಾರೇ ಬಂದರೂ ಕೀಬೋರ್ಡ್ ಆನ್ ಮಾಡುವುದಿಲ್ಲ. ತಂಬೂರಿ ಹಾಕಿ "ಹಾಡಿ" ಅನ್ನುತ್ತೇನೆ. "ಟ್ರ್ಯಾಕ್ ಇಲ್ದೆ ಹೇಗೆ ಸರ್?" ಅಂತ ಕೆಲವರು ಗಾಬರಿಯಾಗುತ್ತಾರೆ. ಅವರಿಗೆ ಕರೋಕೆ ಟ್ರ್ಯಾಕೇ ಮಾಡಿಕೊಡುತ್ತೇನೆ. ಅದರ ರೇಟೂ ಕಮ್ಮಿ.