ಅಲೆಕ್ಸಾಂಡರನ ಅಪ್ಪ ಏನು ಮಾಡುತ್ತಿದ್ದ?

ಗದಗಿನ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಹೇಳುವ ನಾನು ಪ್ರತಿ ವರ್ಷವೂ ಅಲೆಕ್ಸಾಂಡರನನ್ನು ಝೀಲಂ ನದಿಯ ದಂಡೆಗೆ ಕರೆತಂದು, ಪೋರಸನೊಡನೆ ಕಾದಾಡಿಸಿ, ಬ್ಯಾಬಿಲೋನಿನಲ್ಲಿ ಸಾಯಿಸಿ ಪಾಠ ಮುಗಿಸುತ್ತೇನೆ. ಅವನ ತಂದೆ ಎರಡನೆಯ ಫಿಲಿಪ್ಪನಿಗೆ ನನ್ನ ಪಾಠದಲ್ಲಿ ಸಿಗುವುದು ಅರ್ಧ ಸಾಲು. ಈ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಅವರಪ್ಪ ಏನ್ ಮಾಡ್ತಿದ್ನ್ರೀ?" ಎಂದು ಕೇಳಿದ. ಪಕ್ಕದ ಮನೆಯವರ ನೌಕರಿ ವಿಚಾರಿಸುವ ಧಾಟಿಯಲ್ಲಿದ್ದ ಆ ಪ್ರಶ್ನೆಗೆ ತರಗತಿಯೆಲ್ಲ ನಕ್ಕಿತು. "ಅರಸ ಇದ್ದನೋ ತಮ್ಮಾ" ಎಂದು ಹೇಳಿ ನಾನು ಮುಂದೆ ಹೋದೆ. ಅದು ಉತ್ತರವಾಗಿರಲಿಲ್ಲವೆಂಬುದು ಸಂಜೆಯ ಹೊತ್ತಿಗೆ ನನಗೇ ಗೊತ್ತಾಯಿತು.

ಕ್ರಿ.ಪೂ. 359ರಲ್ಲಿ ಫಿಲಿಪ್ಪನ ಅಣ್ಣ, ಗ್ರೀಸಿನ ಉತ್ತರಕ್ಕಿದ್ದ ಮ್ಯಾಸಿಡೋನಿಯಾದ ಅರಸ ಮೂರನೆಯ ಪೆರ್ಡಿಕಸ್, ನೆರೆಯ ಇಲಿರಿಯನ್ನರ ಮೇಲೆ ಯುದ್ಧಕ್ಕೆ ಹೋಗಿ, 4,000 ಸೈನಿಕರೊಂದಿಗೆ ರಣರಂಗದಲ್ಲಿಯೇ ಮಡಿದ. ಇಪ್ಪತ್ಮೂರರ ಆಸುಪಾಸಿನ ಫಿಲಿಪ್ಪನ ಕೈಗೆ ಬಂದದ್ದು ರಾಜ್ಯವೆನ್ನುವುದಕ್ಕಿಂತ ನಾಲ್ಕೂ ದಿಕ್ಕಿನಿಂದ ಬೆಂಕಿ ಬಿದ್ದ ಬಣವೆ ಎನ್ನಬೇಕು. ಪಶ್ಚಿಮದಲ್ಲಿ ಗೆದ್ದ ಇಲಿರಿಯನ್ನರಿದ್ದರು. ಉತ್ತರದಿಂದ ಪಿಯೋನಿಯನ್ನರು ಊರುಗಳನ್ನು ಸೂರೆ ಮಾಡುತ್ತಿದ್ದರು. ಸಿಂಹಾಸನ ತನ್ನದೆಂದು ಒಬ್ಬ ಥ್ರೇಸಿನ ಅರಸನ ಬೆಂಬಲದಿಂದ, ಇನ್ನೊಬ್ಬ ಅಥೆನ್ಸಿನ ಬೆಂಬಲದಿಂದ ಎದ್ದು ನಿಂತಿದ್ದರು. ಆತ ಎಲ್ಲರ ಮೇಲೂ ಒಮ್ಮೆಲೇ ಕತ್ತಿ ಎತ್ತಲಿಲ್ಲ. ಪಿಯೋನಿಯನ್ನರಿಗೂ ಥ್ರೇಸಿನ ಅರಸನಿಗೂ ಹಣ ಕೊಟ್ಟು ಸುಮ್ಮನಾಗಿಸಿದ. ಅಥೆನ್ಸಿನವರು ಹಂಬಲಿಸುತ್ತಿದ್ದ ಆಂಫಿಪೊಲಿಸ್ ನಗರದಿಂದ ತನ್ನ ಕಾವಲು ಪಡೆಯನ್ನು ಹಿಂದಕ್ಕೆ ಕರೆಸಿಕೊಂಡ. ಅವರು ಕಳಿಸಿದ್ದ ಹಕ್ಕುದಾರನನ್ನು ಸೋಲಿಸಿದ ಮೇಲೆ ಸೆರೆಸಿಕ್ಕ ಅಥೆನ್ಸಿನವರನ್ನು ಬಿಟ್ಟು ಕಳಿಸಿದ. ಹೀಗೆ ಒಂದು ವರ್ಷದ ಬಿಡುವನ್ನು ಕೊಂಡುಕೊಂಡು, ಮರುವರ್ಷ 10,000 ಕಾಲಾಳುಗಳೊಂದಿಗೆ ಹೋಗಿ ಇಲಿರಿಯನ್ನರ ಮುದಿ ಅರಸ ಬಾರ್ಡಿಲಿಸನನ್ನು ಮಣ್ಣು ಮುಕ್ಕಿಸಿದ. ಅಲೆಕ್ಸಾಂಡರನ ಇಡೀ ದಿಗ್ವಿಜಯಕ್ಕಿಂತ ನನಗೆ ಈ ಒಂದು ವರ್ಷವೇ ಹೆಚ್ಚು ಸೋಜಿಗ ಹುಟ್ಟಿಸುತ್ತದೆ.

ಆ ಬಿಡುವಿನಲ್ಲಿ ಅವನು ತಯಾರು ಮಾಡಿದ್ದು ಸೈನ್ಯವನ್ನು. ಹದಿಹರೆಯದಲ್ಲಿ ಒತ್ತೆಯಾಳಾಗಿ ಗ್ರೀಸಿನ ಥೀಬ್ಸ್ ನಗರದಲ್ಲಿದ್ದಾಗ, ಸ್ಪಾರ್ಟಾವನ್ನು ಮಣಿಸಿದ ಅಲ್ಲಿಯ ಸೇನಾನಿ ಎಪಾಮಿನಾಂಡಸನ ಕಾಲದ ಯುದ್ಧಕಲೆಯನ್ನು ಹತ್ತಿರದಿಂದ ಕಂಡಿದ್ದ. ಗ್ರೀಕ್ ಕಾಲಾಳುವಿನ ಈಟಿ ಎರಡರಿಂದ ಎರಡೂವರೆ ಮೀಟರಿನದು, ಒಂದು ಕೈಯಲ್ಲಿ ಹಿಡಿಯುವಂಥದು. ಫಿಲಿಪ್ಪನ ಸೈನಿಕನ ಸರಿಸ್ಸಾ ಎಂಬ ಈಟಿ ಅದರ ಎರಡು ಪಟ್ಟು ಉದ್ದವಿದ್ದು, ಎರಡೂ ಕೈಯಲ್ಲಿ ಹಿಡಿಯಬೇಕಾಗುತ್ತಿತ್ತು. ಒತ್ತಾಗಿ ನಿಂತ ಪಡೆಯ ಮೊದಲ ಐದು ಸಾಲುಗಳ ಈಟಿಗಳ ಮೊನೆ ಮುಂದಕ್ಕೆ ಚಾಚಿರುತ್ತಿದ್ದವೆಂದ ಮೇಲೆ ಎದುರಾಳಿಯು ಮೊದಲ ಸೈನಿಕನನ್ನು ಮುಟ್ಟುವ ಮೊದಲೇ ಐದು ಮೊನೆಗಳನ್ನು ದಾಟಬೇಕಿತ್ತು.

ಈಟಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿಟ್ಟು. ರೋಮನ್ ಲೇಖಕ ಫ್ರಾಂಟಿನಸ್ ಹೇಳುವಂತೆ, ಫಿಲಿಪ್ ಸೈನ್ಯದಲ್ಲಿ ಬಂಡಿಗಳನ್ನು ನಿಷೇಧಿಸಿ, ಹತ್ತು ಕಾಲಾಳುಗಳಿಗೆ ಒಬ್ಬನೇ ಆಳೆಂದು ನಿಯಮ ಮಾಡಿ, ಬೇಸಿಗೆಯ ದಂಡಯಾತ್ರೆಗೆ ಹೊರಟವರು ಮೂವತ್ತು ದಿನದ ಹಿಟ್ಟನ್ನು ಬೆನ್ನ ಮೇಲೆಯೇ ಹೊರಬೇಕೆಂದು ಕಟ್ಟಪ್ಪಣೆ ಮಾಡಿದ್ದ. ದಿನಕ್ಕೆ ಮುಕ್ಕಾಲು ಕಿಲೊ ಎಂದು ಹಿಡಿದರೂ ಇಪ್ಪತ್ತೆರಡೂವರೆ ಕಿಲೊ ಆಗುತ್ತದೆ. ಮೊನ್ನೆ ಭಾನುವಾರ ಹತ್ತು ಕಿಲೊ ಜೋಳ ಬೀಸಿಸಿಕೊಂಡು, ಇನ್ನೂ ಬಿಸಿಯಾಗಿದ್ದ ಹಿಟ್ಟಿನ ಚೀಲವನ್ನು ಹೆಗಲ ಮೇಲಿಟ್ಟುಕೊಂಡು ಗಿರಣಿಯಿಂದ ಮನೆಗೆ ಬರುವಷ್ಟರಲ್ಲಿ ನಾನು ಎರಡು ಕಡೆ ಕಟ್ಟೆಯ ಮೇಲೆ ಕುಳಿತೆ. ಅವನ ಸೈನಿಕರು ಆಯುಧಗಳನ್ನೂ ಹಿಟ್ಟನ್ನೂ ಹೊತ್ತು ಅಭ್ಯಾಸಕ್ಕೆಂದು ದಿನಕ್ಕೆ 300 ಸ್ಟೇಡಿಯಾ ನಡೆಯುತ್ತಿದ್ದರಂತೆ. ಅಂದರೆ ಹೆಚ್ಚು ಕಡಿಮೆ ಗದಗಿನಿಂದ ಹುಬ್ಬಳ್ಳಿಯವರೆಗಿನ ದೂರ. ಎತ್ತಿನ ಬಂಡಿಯ ವೇಗಕ್ಕೆ ಕಾಯಬೇಕಿಲ್ಲದ ಇಂಥ ಸೈನ್ಯವು ಶತ್ರು ಎಣಿಸಿದ ದಿನಕ್ಕಿಂತ ಮೊದಲೇ ಅವನ ಊರ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಇಷ್ಟೆಲ್ಲಕ್ಕೂ ಹಣ ಬೇಕು. ಕ್ರಿ.ಪೂ. 357ರಲ್ಲಿ ಆಂಫಿಪೊಲಿಸನ್ನು ತಾನೇ ಹಿಡಿದ (ಅಥೆನ್ಸಿನವರ ಸಿಟ್ಟಿಗೆ ಇದು ಮೂಲ), ಮರುವರ್ಷ ಪಾಂಗೈಯನ್ ಬೆಟ್ಟದ ಸೀಮೆಯ ಕ್ರೆನಿಡೀಸ್ ಎಂಬ ಊರನ್ನು ವಶಪಡಿಸಿಕೊಂಡು ಅದಕ್ಕೆ ಫಿಲಿಪ್ಪಿ ಎಂದು ತನ್ನದೇ ಹೆಸರಿಟ್ಟ. ಅಲ್ಲಿಯ ಚಿನ್ನದ ಗಣಿಗಳಿಂದ ವರ್ಷಕ್ಕೆ 1,000 ಟ್ಯಾಲೆಂಟಿಗೂ ಮಿಗಿಲಾದ ಆದಾಯ ಬರುತ್ತಿತ್ತೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಡಿಯೋಡೊರಸ್ ಬರೆದಿದ್ದಾನೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೊ ಬೆಳ್ಳಿಯ ಬೆಲೆ. ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕಾಗಿ ಅಗೆದ ಕಪ್ಪತಗುಡ್ಡದ ಸೀಮೆಯವರಿಗೆ, ಲೊಕ್ಕಿ ಗದ್ಯಾಣವೆಂಬ ನಾಣ್ಯಕ್ಕೆ ಹೆಸರು ಕೊಟ್ಟ ಲಕ್ಕುಂಡಿಯ ನೆರೆಯವರಿಗೆ, ಬೆಟ್ಟದ ಮಣ್ಣು ರಾಜ್ಯಕ್ಕೆ ಬಲವಾಗುವ ಬಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬದಿಗೆ ಅಪೊಲೊ ದೇವರ ಮುಖ, ಇನ್ನೊಂದು ಬದಿಗೆ ಜೋಡಿ ಕುದುರೆಯ ರಥವಿದ್ದ ಅವನ ಚಿನ್ನದ ನಾಣ್ಯಗಳು ಅವನ ಹೆಸರಿನಿಂದಲೇ ದೂರದೂರಕ್ಕೆ ಚಲಾವಣೆಯಾದವು. ಚಿನ್ನ ಹೊತ್ತ ಕತ್ತೆ ಹತ್ತಿ ಹೋಗಬಲ್ಲ ಕೋಟೆ ಯಾವುದೂ ಅಭೇದ್ಯವಲ್ಲ ಎಂಬ ಮಾತು ಅವನದೆಂದು ಹಳಬರು ಹೇಳುತ್ತಿದ್ದರು.

ಮದುವೆಗಳೂ ಅದೇ ಲೆಕ್ಕದವು. ಏಳು ಹೆಂಡಿರಲ್ಲಿ ಒಬ್ಬಳು ಇಲಿರಿಯಾದವಳು, ಇಬ್ಬರು ಥೆಸಲಿಯವರು, ಒಬ್ಬಳು ಥ್ರೇಸಿನವಳು. ಎಪಿರಸಿನ ಒಲಿಂಪಿಯಸಳು ಕ್ರಿ.ಪೂ. 356ರಲ್ಲಿ ಅಲೆಕ್ಸಾಂಡರನನ್ನು ಹೆತ್ತಳು. ದೇಹವನ್ನೂ ಆತ ಹಾಗೆಯೇ ಖರ್ಚು ಮಾಡಿದ. ಮೆಥೋನೆ ಎಂಬ ನಗರದ ಮುತ್ತಿಗೆಯಲ್ಲಿ ಬಾಣ ನಟ್ಟು ಬಲಗಣ್ಣು ಹೋಯಿತು. ಅವನ ಕಡುವೈರಿ, ಅಥೆನ್ಸಿನ ವಾಗ್ಮಿ ಡೆಮಾಸ್ತನೀಸನೇ ಒಂದು ಭಾಷಣದಲ್ಲಿ, ಕಣ್ಣು ಕಳೆದುಕೊಂಡು, ಕೊರಳೆಲುಬು ಮುರಿದುಕೊಂಡು, ಕೈಕಾಲು ಊನವಾದರೂ, ಉಳಿದ ದೇಹ ಗೌರವದಿಂದ ಬಾಳುವುದಾದರೆ ವಿಧಿ ಕೇಳಿದ ಅಂಗವನ್ನು ಕೊಡಲು ಈತ ಸಿದ್ಧನಿದ್ದ ಎಂದು ಒಪ್ಪಿಕೊಂಡಿದ್ದಾನೆ. ವೈರಿಯ ಬಾಯಿಂದ ಬಂದ ಇಂಥ ಮಾತಿಗೆ ಆಸ್ಥಾನಕವಿಯ ಹೊಗಳಿಕೆ ಸಾಟಿಯಾಗದು.

ಹಾಗೆಂದು ಆತ ಸಾಧುವಲ್ಲ. ಕ್ರಿ.ಪೂ. 348ರಲ್ಲಿ ಒಲಿಂಥಸ್ ನಗರವನ್ನು ನೆಲಸಮ ಮಾಡಿ ಅಲ್ಲಿಯ ಜನರನ್ನು ಗುಲಾಮರಾಗಿ ಮಾರಿದ. ಹತ್ತು ವರ್ಷಗಳ ನಂತರ ಕೈರೊನೇಯದಲ್ಲಿ ಅಥೆನ್ಸ್ ಮತ್ತು ಥೀಬ್ಸಿನ ಕೂಡುಪಡೆಯನ್ನು ಮುರಿದಾಗ, ಒಂದು ಕಾಲಕ್ಕೆ ತನಗೆ ಯುದ್ಧಕಲೆ ತೋರಿಸಿದ್ದ ಥೀಬ್ಸಿನ ಮುನ್ನೂರು ಜನರ ಪವಿತ್ರ ಪಡೆ ನಿಂತಲ್ಲೇ ನಾಶವಾಯಿತು. ಆ ಬಳಿಕ ಸ್ಪಾರ್ಟಾ ಒಂದನ್ನುಳಿದು ಗ್ರೀಸಿನ ಪ್ರಮುಖ ನಗರಗಳನ್ನೆಲ್ಲ ಕೊರಿಂತಿನಲ್ಲಿ ಕೂಡಿಸಿ, ಪರ್ಷಿಯಾದ ಮೇಲಿನ ದಂಡಯಾತ್ರೆಗೆ ತಾನೇ ಸೇನಾನಿಯೆಂದು ಒಪ್ಪಿಸಿಕೊಂಡ. ಮುಂಗಡ ಪಡೆ ಏಷ್ಯಾಕ್ಕೆ ದಾಟಿಯೂ ಆಗಿತ್ತು. ಕ್ರಿ.ಪೂ. 336ರಲ್ಲಿ ಐಗೈ ನಗರದಲ್ಲಿ ಮಗಳ ಮದುವೆಯ ಸಂಭ್ರಮ ನಡೆದಿದ್ದಾಗ, ಹನ್ನೆರಡು ದೇವತೆಗಳ ಮೂರ್ತಿಗಳ ಜೊತೆ ಹದಿಮೂರನೆಯದಾಗಿ ತನ್ನ ಮೂರ್ತಿಯನ್ನೂ ಮೆರವಣಿಗೆಯಲ್ಲಿ ಕಳಿಸಿ, ಕಾವಲಿನವರನ್ನು ದೂರ ನಿಲ್ಲಿಸಿ, ಬಿಳಿಯ ಮೇಲುಹೊದಿಕೆಯಲ್ಲಿ ಒಬ್ಬನೇ ರಂಗಮಂದಿರವನ್ನು ಪ್ರವೇಶಿಸಿದ. ಅಂಗರಕ್ಷಕ ಪೌಸೇನಿಯಸ್ ಅಲ್ಲಿಯೇ ಅವನನ್ನು ಇರಿದು ಕೊಂದ.

ಮರುದಿನ ಆ ಹುಡುಗನಿಗೆ ಅಲೆಕ್ಸಾಂಡರನ ಬಾಯಿಂದಲೇ ಉತ್ತರ ಹೇಳಿಸಿದೆ. ಟೈಗ್ರಿಸ್ ದಂಡೆಯ ಓಪಿಸಿನಲ್ಲಿ ತಿರುಗಿಬಿದ್ದ ಸೈನಿಕರಿಗೆ ಅವನು ಆಡಿದನೆಂದು ಪ್ರಾಚೀನ ಇತಿಹಾಸಕಾರ ಏರಿಯನ್ ಬರೆದ ಭಾಷಣದಲ್ಲಿ, ತೊಗಲು ಹೊದ್ದು ಗುಡ್ಡದ ಮೇಲೆ ನಾಲ್ಕು ಕುರಿ ಮೇಯಿಸಿಕೊಂಡಿದ್ದ ನಿಮಗೆ ಬಟ್ಟೆ ಕೊಟ್ಟು, ಬಯಲಿಗೆ ಇಳಿಸಿ, ಊರವರನ್ನಾಗಿ ಮಾಡಿದವನು ನನ್ನ ತಂದೆ ಎಂಬ ಮಾತಿದೆ. ಅದರ ಬೆನ್ನಿಗೇ, ತಂದೆ ಬಿಟ್ಟುಹೋದ ಬೊಕ್ಕಸದಲ್ಲಿ 60 ಟ್ಯಾಲೆಂಟೂ ಇರಲಿಲ್ಲ, ಸಾಲ ಮಾತ್ರ 500 ಟ್ಯಾಲೆಂಟ್ ಇತ್ತು ಎಂಬ ಮಾತೂ ಇದೆ. ಹುಡುಗ ಕುರಿಯ ಮಾತಿಗೆ ತಲೆಯಾಡಿಸಿದ. ಅವನ ಮನೆಯಲ್ಲೂ ಕುರಿಗಳಿವೆ. ಸಾಲದ ಮಾತಿಗೆ ಮಾತ್ರ, "ಚಿನ್ನದ ಗಣಿ ಇದ್ದೂ ಸಾಲಾ ಮಾಡಿದ್ನೇನ್ರೀ ಸರ್?" ಎಂದು ಎದ್ದು ನಿಂತ.